ಗುಲಾಬಿಯನ್ನು ಮನೆಗೆ ಬಿಡಲು ಹೋದ ರಾತ್ರಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಕೇಳಿಕೊಳ್ಳುವುದಿಲ್ಲ. ಪೊಲೀಸ್ ಕೆಲಸದಲ್ಲೇ ನನ್ನ ಕೂದಲು ಅರ್ಧ ನೆರೆತಿದೆ. 'ನಂಬಿ ಮೇಡಂ' ಎಂದು ಕೈ ಮುಗಿಯುವವರನ್ನೇ ಮೊದಲು ಅನುಮಾನಿಸುವ ಅಭ್ಯಾಸ ನನ್ನದು. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಿ ಸುಮ್ಮನಾಗುತ್ತೇನೆ.

ನಾನು ಬೇಗ ಹೆದರುವವಳಲ್ಲ. ಶವಾಗಾರದ ಬಾಗಿಲಲ್ಲಿ ಕಾವಲು ಕೂತು ಬುತ್ತಿ ಬಿಚ್ಚಿ ಉಂಡಿದ್ದೇನೆ. ಹೊಳೆಯಿಂದ ಎತ್ತಿದ ಹೆಣದ ಪಕ್ಕ ನಿಂತು ಮನೆಗೆ ಫೋನು ಮಾಡಿ, ಅಕ್ಕಿ ನೆನೆಹಾಕಿ ಎಂದು ಹೇಳಿದ್ದೇನೆ. ಈ ಕೆಲಸದಲ್ಲಿ ಮನಸ್ಸಿನ ಮೇಲೆ ಒಂದು ದಪ್ಪ ಚರ್ಮ ಬೆಳೆಯುತ್ತದೆ. ಅದು ನನಗೂ ಬೆಳೆದಿತ್ತು.

ನನ್ನ ಹೆಸರು ಸುಮಿತ್ರಾ. ಹೆಡ್ ಕಾನ್‌ಸ್ಟೇಬಲ್. ಮನೆ ಬ್ರಹ್ಮಾವರದ ಹತ್ತಿರ. ಹೈಸ್ಕೂಲಿಗೆ ಹೋಗುವ ಒಬ್ಬ ಮಗ ಇದ್ದಾನೆ. ಅವನ ವಿಷಯ ಯಾಕೆ ಹೇಳಿದೆ ಎಂದರೆ, ನಿದ್ದೆ ಹೋದ ಮಗುವಿನ ಭಾರ ಎಂಥದ್ದು ಎಂದು ನನಗೆ ಚೆನ್ನಾಗಿ ಗೊತ್ತು.

ಗುಲಾಬಿ ಗಂಗೊಳ್ಳಿಯ ಮೀನುಗಾರರ ಮನೆಯ ಹೆಣ್ಣು. ಬೈಂದೂರು ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಹೆರಿಗೆಯಾದ ಮೇಲೆ ಅವಳಿಗೆ ನಿದ್ದೆ ಬರದಾಯಿತು. ರಾತ್ರಿಯೆಲ್ಲ ಎದ್ದು ಕೂತು ಗೋಡೆಯ ಜೊತೆ ಮಾತಾಡುತ್ತಿದ್ದಳು. ಮನೆಯವರು ಮಂತ್ರಿಸಿದ ನೂಲು ಕಟ್ಟಿಸಿದರು, ಪ್ರಸಾದ ತಂದು ತಿನ್ನಿಸಿದರು. ಡಾಕ್ಟರಿಗೆ ತೋರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಂದು ಮಧ್ಯಾಹ್ನ, ಇನ್ನೂ ನಡೆಯಲು ಕಲಿಯದ ಮಗಳನ್ನು ಬಾವಿಗೆ ಹಾಕಿದಳು. ಜನ ಓಡಿ ಬಂದಾಗ ಬಾವಿಕಟ್ಟೆಯ ಪಕ್ಕ ಸುಮ್ಮನೆ ನಿಂತಿದ್ದಳಂತೆ. ಕೆಲಸ ಮುಗಿಸಿದವರು ನಿಲ್ಲುವ ಹಾಗೆ.

ಅವಳನ್ನು ಮೊದಲ ಸಲ ಜೈಲಿಗೆ ಬಿಟ್ಟವಳು ನಾನೇ. ಅವಳ ರವಕೆ ಎದೆಹಾಲಿನಿಂದ ಒದ್ದೆಯಾಗಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಏನೂ ಅನ್ನಿಸಲಿಲ್ಲ. ಆ ದಿನ ಇನ್ನೂ ಇಬ್ಬರನ್ನು ಬಿಡುವುದಿತ್ತು.

ಆಮೇಲೆ ವರ್ಷಗಳು ಹೋದವು. ಕೋರ್ಟಿನಲ್ಲಿ ಹೆಸರು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಇವಳಿಗೆ ವಿಚಾರಣೆ ಅರ್ಥವಾಗುವುದಿಲ್ಲ, ಮೊದಲು ಚಿಕಿತ್ಸೆ ಆಗಲಿ ಎಂದು ಘಟ್ಟದ ಮೇಲಿನ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಕೇಸು ಅಲ್ಲಿಗೇ ನಿಂತಿತು. ಮಾತ್ರೆಯಿಂದ ಅವಳು ಮಾತಾಡುವಂತಾದ ಮೇಲೆ ಮತ್ತೆ ನಡೆಯಿತು. ಕೊನೆಗೆ, ಕೃತ್ಯ ಇವಳದ್ದೇ, ಆದರೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ಆದ್ದರಿಂದ ತಪ್ಪಿತಸ್ಥಳಲ್ಲ ಎಂದು ಜಡ್ಜರು ಹೇಳಿದರು.

ಖುಲಾಸೆಯಾಯಿತು ಎಂದರೆ ಮನೆಗೆ ಹೋಗಬಹುದು ಎಂದು ನೀವು ತಿಳಿಯಬಹುದು. ಹಾಗಲ್ಲ. ಹತ್ತಿರದವರು ಯಾರಾದರೂ, ನಾವು ನೋಡಿಕೊಳ್ಳುತ್ತೇವೆ, ಇವಳಿಂದ ಯಾರಿಗೂ ಅಪಾಯ ಆಗದ ಹಾಗೆ ಇಟ್ಟುಕೊಳ್ಳುತ್ತೇವೆ ಎಂದು ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ಆಸ್ಪತ್ರೆಯಲ್ಲೇ ಇರಬೇಕು. ಗಂಡ ಬೇರೆ ಮದುವೆಯಾಗಿದ್ದ. ತಾಯಿ ತೀರಿಕೊಂಡಿದ್ದಳು. ಬಹಳ ಕಾಲದ ಮೇಲೆ ಅಣ್ಣ ಚಂದ್ರ ಕೋರ್ಟಿಗೆ ಬಂದು ಹೂಂ ಎಂದ.

ಹೀಗೆ ಅವಳನ್ನು ಆಸ್ಪತ್ರೆಯಿಂದ ಕರೆದುಕೊಂಡು ಬಂದು ಗಂಗೊಳ್ಳಿಯಲ್ಲಿ ಅಣ್ಣನ ವಶಕ್ಕೆ ಒಪ್ಪಿಸುವ ಡ್ಯೂಟಿ ನನಗೆ ಬಿತ್ತು. ಜೀಪಿನ ಡ್ರೈವರ್ ಶೇಖರಣ್ಣ. ಅವರೂ ನಮ್ಮ ಇಲಾಖೆಯವರೇ.

ಜೂನ್ ತಿಂಗಳು. ಘಟ್ಟದಲ್ಲಿ ಮರ ಬಿದ್ದು ತಡವಾಯಿತು. ಕುಂದಾಪುರ ದಾಟಿ, ತ್ರಾಸಿಯಲ್ಲಿ ತಿರುಗಿ ಗಂಗೊಳ್ಳಿ ಮುಟ್ಟುವಾಗ ಕತ್ತಲಾಗಿತ್ತು. ದಾರಿಯುದ್ದಕ್ಕೂ ಗುಲಾಬಿ ಮಾತಾಡಿದ್ದು ಕಡಿಮೆ. ಮಾತ್ರೆಯ ದೆಸೆಯಿಂದ ನಾಲಿಗೆ ದಪ್ಪವಾಗಿತ್ತು, ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಸಮುದ್ರದ ಗಾಳಿ ಬಡಿದಾಗ ಮಾತ್ರ ಮುಖ ಎತ್ತಿ ಮೂಸಿ ನೋಡಿದಳು.

ಅಣ್ಣನ ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಹೆಂಗಸು ಜಗಲಿಗೆ ಬಂದಳು. "ಯಾರೂ ಇಲ್ಲೆ. ಚಂದ್ರನ ಹೆಣ್ತಿ ಮಗುನ್ ಕರ್ಕಂಡ್ ಬೆಳಿಗ್ಗೆಯೇ ಅಪ್ಪನ್ ಮನಿಗ್ ಹೋಯಾಯ್ತ್. ಅಂವ ರಾತ್ರಿ ಐಸ್ ಪ್ಲಾಂಟಂಗೆ ಕಾವಲಿಗ್ ಇರ್ತ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ನನ್ನ ಹಿಂದೆ ನಿಂತವಳ ಗುರುತು ಸಿಕ್ಕಿತು. ಜಗಲಿಯಲ್ಲಿ ಆಡುತ್ತಿದ್ದ ಮೊಮ್ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿಸಿತು.

ಗುಲಾಬಿ ಅದನ್ನು ನೋಡಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

ಚಂದ್ರನ ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ನಮ್ಮ ಸಾಹೇಬರಿಗೆ ಮಾಡಿದೆ. ಅವರು ಬಯಲುಸೀಮೆಯವರು. "ರಾತ್ರಿ ಹೆಂಗಸರನ್ನ ಠಾಣೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ ಸುಮಿತ್ರಾ. ಅವಳು ಈಗ ಆರೋಪಿನೂ ಅಲ್ಲ. ಯಾವ ಲೆಕ್ಕದಲ್ಲಿ ಇಟ್ಕೊಳ್ಳಲಿ?" ಎಂದರು. ಹತ್ತಿರದ ಒಂದು ಆಸ್ಪತ್ರೆಗೆ ಫೋನು ಮಾಡಿ ಕೇಳಿದೆ. "ಗುಣ ಆಯ್ತ್ ಅಂತಲ್ದಾ ಕಳ್ಸಿದ್ದ್? ಮತ್ತೆ ಇಲ್ಲಿ ಎಂತ ಕಾಯಿಲೆ ಅಂತ ಸೇರ್ಸುದ್?" ಎಂದರು.

ಅವರವರ ಮಟ್ಟಿಗೆ ಎಲ್ಲರೂ ಹೇಳಿದ್ದು ಸರಿಯೇ. ಆ ರಾತ್ರಿ ಗುಲಾಬಿಗೆ ಕೂರಲು ಮಾತ್ರ ಎಲ್ಲಿಯೂ ಜಾಗವಿರಲಿಲ್ಲ.

"ಹ್ವಾಯ್ ಸುಮಿತ್ರಕ್ಕ, ಐಸ್ ಪ್ಲಾಂಟಿಗೇ ಹೋಪ," ಎಂದರು ಶೇಖರಣ್ಣ. "ಅಂವ ಬಪ್ಪಲ್ಲಿವರಿಗೆ ಅಲ್ಲೇ ಕೂಕಂಬ."

ಮಳೆಗಾಲಕ್ಕೆ ಮೀನುಗಾರಿಕೆ ನಿಂತಿರುವ ಕಾಲ. ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒತ್ತಿ ನಿಂತಿದ್ದವು. ಅಲೆ ಬಂದಾಗಲೆಲ್ಲ ಅವು ಒಂದನ್ನೊಂದು ತಿಕ್ಕುವ ಸದ್ದು... ಯಾರೋ ಹಲ್ಲು ಕಡಿದ ಹಾಗೆ. ಐಸ್ ಪ್ಲಾಂಟೂ ನಿಂತಿತ್ತು. ಗೇಟಿಗೆ ಬೀಗವಿರಲಿಲ್ಲ. ಮುಂದಿನ ಕೋಣೆಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಮೊಳೆಗೆ ಅಂಗಿ ಸಿಕ್ಕಿಸಿತ್ತು, ಮೂಲೆಯಲ್ಲಿ ಬುತ್ತಿ ಇತ್ತು. ಚಂದ್ರ ಇರಲಿಲ್ಲ.

"ಇಲ್ಲೇ ಎಲ್ಲೋ ಹೋಯಿರ್ಕ್, ಬತ್ತ," ಎಂದು ಶೇಖರಣ್ಣ ಜೀಪನ್ನು ಕಿಟಕಿಯ ಹತ್ತಿರ ತಂದು ನಿಲ್ಲಿಸಿದರು. ಘಟ್ಟ ಹತ್ತಿ ಇಳಿದು ದಣಿದಿದ್ದರು. ಸೀಟಿನಲ್ಲೇ ಒರಗಿದರು.

ನಾನೂ ಗುಲಾಬಿಯೂ ಒಳಗಿನ ಬೆಂಚಿನಲ್ಲಿ ಕೂತೆವು.

ಎದುರಿಗೆ ಐಸ್ ಮಾಡುವ ದೊಡ್ಡ ಹಜಾರ. ಅದಕ್ಕೆ ಬಾಗಿಲಿಲ್ಲ, ಬರೀ ಕತ್ತಲು. ಮಂಜುಗಡ್ಡೆ ಕಟ್ಟುವ ಉದ್ದನೆಯ ತಗಡಿನ ಡಬ್ಬಗಳು ಒಂದರ ಮೇಲೊಂದು ಬಿದ್ದದ್ದು ಅರೆಬರೆ ಕಾಣುತ್ತಿತ್ತು. ಒಣಮೀನಿನ ವಾಸನೆ, ಒದ್ದೆ ಗೋಣಿಯ ವಾಸನೆ, ಮೂಗಿನ ಒಳಗೆ ಸೂಜಿಯಲ್ಲಿ ಚುಚ್ಚಿದಂಥ ಅಮೋನಿಯಾದ ವಾಸನೆ. ಮಷೀನು ನಿಂತು ಎಷ್ಟೋ ದಿನವಾಗಿದ್ದರೂ ನೆಲ ತಣ್ಣಗಿತ್ತು. ಬೂಟಿನೊಳಗಿಂದ ಕಾಲಿನ ಬೆರಳುಗಳು ಮರಗಟ್ಟುತ್ತ ಬಂದವು.

ಅವಳಿಗೆ ರಾತ್ರಿಯ ಮಾತ್ರೆ ಕೊಟ್ಟೆ. ನುಂಗಿ, ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಬಾಯಿ ತೆರೆದು ತೋರಿಸಿದಳು.

"ತೋರ್ಸೂದ್ ಬ್ಯಾಡ ಗುಲಾಬಿ," ಎಂದೆ.

"ಅಭ್ಯಾಸ ಆಯ್ತ್ ಮೇಡಂ."

ಸ್ವಲ್ಪ ಹೊತ್ತಿನ ಮೇಲೆ, ನಾನು ಕೇಳದೇ ಅವಳೇ ಹೇಳಿದಳು. ಅಕ್ಕಿ ಆರಿಸುತ್ತ ಮಾತಾಡುವವರ ಧ್ವನಿಯಲ್ಲಿ.

"ಅವತ್ತ್ ಮಗೂಗೆ ಬೆಂಕಿ ಹತ್ತಿತ್ ಮೇಡಂ. ನಾ ಕಂಡೆ. ತಲಿಯಿಂದ ಹೊಗಿ ಬತ್ತಿತ್. ಎಲ್ಲರೂ ಅವರವರ ಕೆಲ್ಸ ಮಾಡ್ಕಂಡಿದ್ರ್. ಯಾರೂ ಕಾಣ್ಲಿಲ್ಲೆ. ನಾ ನಂದ್ಸಿದೆ, ಅಷ್ಟೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ಗೊತ್ತಿತ್. ಬೆಂಕಿ ಇರ್ಲಿಲ್ಲೆ. ಡಾಕ್ಟ್ರ್ ಹೇಳಿರ್."

ನಾನು ಮಾತ್ರೆಯ ಪೊಟ್ಟಣ ಮಡಿಸಿ ಚೀಲಕ್ಕೆ ಹಾಕಿದೆ.

ಮಳೆ ಜೋರಾಯಿತು. ಸೂರಿನ ಶೀಟಿನ ಮೇಲೆ ಕಲ್ಲು ಸುರಿದಂಥ ಸದ್ದು. ಇಂಥ ಕಥೆಗಳಲ್ಲಿ ಇಷ್ಟು ಹೊತ್ತಿಗೆ ಕರೆಂಟು ಹೋಗುತ್ತದೆ. ಅಲ್ಲಿ ಹೋಗಲಿಲ್ಲ. ಬಲ್ಬು ಬೆಳಗಿನವರೆಗೂ ಉರಿಯಿತು. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನನ್ನು ಇಂದಿಗೂ ಕಾಡುವುದು ಅದೇ.

ಹಜಾರದ ಕತ್ತಲಲ್ಲಿ ಒಂದು ಡಬ್ಬ ಸಣ್ಣಗೆ ಸದ್ದು ಮಾಡಿತು. ಇಲಿ ಇರಬೇಕು. ಗುಲಾಬಿ ಆ ಕಡೆ ನೋಡಿದಳು. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿದು, ನಮ್ಮಿಬ್ಬರ ನಡುವೆ ಆದ ಜಾಗದಲ್ಲಿ ಸೆರಗು ಹಾಸಿದಳು.

"ಎಂತಕ್ಕ್ ಸರ್ದದ್ದ್?"

"ಹೀಂಗೆ," ಎಂದಳು.

ನಾನು ಮೊಬೈಲು ತೆಗೆದೆ. ನಿದ್ದೆ ಬಂದಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮಗ ಕಳಿಸಿದ ಮೆಸೇಜು ಓದುತ್ತಿದ್ದೆ. ನಾಳೆ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂದು ಕೇಳಿದ್ದ. ಉತ್ತರ ಬರೆಯುತ್ತಿದ್ದೆ...

ಆಗ ಎಡಗೈಗೆ ಬಿಸಿ ತಾಗಿತು.

ಮೊದಲು ಅಷ್ಟೇ. ಕೋಣೆಯೆಲ್ಲ ತಣ್ಣಗಿರುವಾಗ ಮೊಣಕೈಯ ಹತ್ತಿರ ಮಾತ್ರ ಬೆಚ್ಚಗೆ. ಆಮೇಲೆ ಭಾರ. ಒಮ್ಮೆಗೇ ಬಿದ್ದ ಭಾರವಲ್ಲ. ತೂಕಡಿಸುವ ಮಗು ಹೇಗೆ ಮೊದಲು ತಾಗಿ, ಮತ್ತೆ ಎಚ್ಚರಾಗಿ, ಮತ್ತೆ ವಾಲಿ, ಕೊನೆಗೆ ಪೂರಾ ಒರಗಿಬಿಡುತ್ತದೆಯೋ ಹಾಗೆ. ತೋಳಿನ ಮೇಲೆ ಒಂದು ತಲೆಯ ಭಾರ. ಪಕ್ಕೆಗೆ ಒತ್ತಿದ ಸಣ್ಣ ಬೆನ್ನು. ಅಂಗಿಯ ತೋಳಿನ ಮೂಲಕ ಉಸಿರು... ಒಳಗೆ, ಹೊರಗೆ, ಒಳಗೆ, ಹೊರಗೆ.

ತಿರುಗಿ ನೋಡಿದೆ. ಏನೂ ಇರಲಿಲ್ಲ. ಬೆಂಚು, ಗುಲಾಬಿಯ ಸೆರಗು, ನನ್ನ ಖಾಕಿ ಅಂಗಿಯ ತೋಳು. ಆ ತೋಳಿನ ಬಟ್ಟೆ ಒಂದು ಕಡೆ ಒತ್ತಿ ನಿರಿಗೆಯಾಗಿತ್ತು.

ಕೊಬ್ಬರಿ ಎಣ್ಣೆ ಹಚ್ಚಿ ಮೀಯಿಸಿದ ಮಗುವಿನ ನೆತ್ತಿಯ ವಾಸನೆ ಬಂತು. ಅಷ್ಟು ಅಮೋನಿಯಾದ ನಡುವೆಯೂ.

ನಾನು ಎದ್ದು ಓಡಬೇಕಿತ್ತು. ಶೇಖರಣ್ಣನನ್ನು ಕೂಗಬೇಕಿತ್ತು. ಮಾಡಿದ್ದೇನು ಗೊತ್ತೇ? ಕೈಯನ್ನು ಅಲುಗಾಡಿಸದೆ ಹಾಗೇ ಹಿಡಿದುಕೊಂಡೆ. ಹೆತ್ತವರಿಗೆಲ್ಲ ಗೊತ್ತಿರುವ ವಿಷಯ ಅದು. ನಿದ್ದೆ ಹೋದ ಮಗು ತೋಳಿನ ಮೇಲಿದ್ದರೆ ಮೈ ತಾನಾಗಿ ಕಲ್ಲಾಗುತ್ತದೆ. ಹೆದರಿಕೆ ಆಯಿತೇ ಎಂದು ಕೇಳಿದರೆ ಸರಿಯಾಗಿ ಹೇಳಲಾರೆ. ಎಲ್ಲೋ ದೂರದಲ್ಲಿ ಬೇರೆ ಯಾರೋ ಹೆದರುತ್ತಿದ್ದ ಹಾಗಿತ್ತು.

"ಕೈ ಆಡ್ಸ್‌ಬೇಡಿ ಮೇಡಂ," ಗುಲಾಬಿ ಪಿಸುಗುಟ್ಟಿದಳು. "ಈಗಷ್ಟೆ ಮನಿಕಂಡದ್ದ್."

ನಾನೂ ದನಿ ತಗ್ಗಿಸಿದೆ. "ಯಾರ್?"

ಅವಳು ನನ್ನನ್ನೇ ನೋಡಿದಳು. ಇಡೀ ದಿನದಲ್ಲಿ ಅವಳ ಕಣ್ಣಿಗೆ ಜೀವ ಬಂದದ್ದು ಆಗ ಮಾತ್ರ.

"ನಿಮ್ಗೂ ಗೊತ್ತಾತಾ ಮೇಡಂ?"

ನಾನು ತಲೆಯಾಡಿಸಿದೆ ಅಂತ ಕಾಣುತ್ತದೆ.

"ದಿನಾ ಬತ್ತಿಲ್ಲೆ. ಒಂದೊಂದ್ ದಿನ ಬತ್ತ್. ಅಳೂದಿಲ್ಲೆ, ಎಂತೂ ಇಲ್ಲೆ. ಸುಮ್ನೆ ಮನಿಕಣ್ತ್." ಅವಳ ಧ್ವನಿ ಇನ್ನೂ ಇಳಿಯಿತು. "ಡಾಕ್ಟ್ರ ಹತ್ರ ಹೇಳ್ಬೇಡಿ ಆಯ್ತಾ. ಇನ್ನೂ ಗುಣ ಆಯ್ಲಿಲ್ಲೆ ಅಂತ್ರ್. ಮಾತ್ರಿ ಜಾಸ್ತಿ ಮಾಡ್ತ್ರ್. ಮಾತ್ರಿ ಜಾಸ್ತಿಯಾರೆ ನಂಗೆ ಇದೂ ಗೊತ್ತಾತಿಲ್ಲೆ."

ಎಷ್ಟು ಹೊತ್ತು ಹಾಗೆ ಕೂತೆವೋ ತಿಳಿಯದು. ಮಳೆ ನಿಂತು, ಶೀಟಿನ ಅಂಚಿನಿಂದ ಹನಿ ಬೀಳುವ ಸದ್ದೊಂದೇ ಉಳಿಯಿತು. ಎಡಗೈ ಪೂರಾ ಜೋಮು ಹಿಡಿಯಿತು. ಆ ಜೋಮಿನಲ್ಲಿ ಭಾರ ಯಾವಾಗ ಹೋಯಿತೆಂದು ನನಗೆ ಗೊತ್ತಾಗಲೇ ಇಲ್ಲ. ಬೆಳಕು ಹರಿಯುವಾಗ ಬೆರಳು ಮಡಿಸಿ ನೋಡಿದೆ. ಕೈ ಹಗುರಾಗಿತ್ತು.

ಚಂದ್ರ ಬಂದದ್ದು ಆಗ. ತಲೆಯಿಂದ ಕಾಲಿನವರೆಗೆ ಒದ್ದೆ. ರಾತ್ರಿ ಪೂರಾ ಎದುರಿಗೆ ಬಲೆ ಇಡುವ ಸೋರುವ ಶೆಡ್ಡಿನಲ್ಲಿ ಕೂತು ನಮ್ಮ ಜೀಪನ್ನೇ ನೋಡುತ್ತಿದ್ದನಂತೆ. ಬರಲು ಧೈರ್ಯ ಸಾಲಲಿಲ್ಲ ಎಂದ. ತಂಗಿಯ ಮುಖ ನೋಡದೆ ನನ್ನ ಹತ್ತಿರ ಮಾತಾಡಿದ.

"ಕೋರ್ಟಂಗೆ ಹೂಂ ಅಂದೆ ಮೇಡಂ. ಒಡಹುಟ್ಟಿದ್ದಲ್ದಾ. ಮನಿಯಂಗೆ ಹೇಳೂಕೆ ಆಯ್ಲಿಲ್ಲೆ. ನಿನ್ನೆ ಹೇಳ್ದೆ. ಹೆಣ್ತಿ ಮಗುನ್ ಎತ್ಕಂಡ್ ಹೋಯ್ತ್. ಅವ್ಳ್ ಬಂದ್ರೆ ನಾ ಬತ್ತಿಲ್ಲೆ ಅಂತ್." ಆಮೇಲೆ ಕೋಣೆಯ ಒಳಗೆ ಇಣುಕಿದ. "ನೀವ್ ರಾತ್ರಿ ಆ ಬೆಂಚಂಗೆ ಕೂತದ್ದಾ?"

"ಹೌದ್. ಎಂತಕ್ಕೆ?"

"ಎಂತಿಲ್ಲೆ. ರಾತ್ರಿ ನಾ ಅಲ್ ಕೂಕಣ್ತಿಲ್ಲೆ." ಹೇಳುತ್ತ ತನ್ನ ಎಡತೋಳನ್ನು ಉಜ್ಜಿಕೊಂಡ.

ಗುಲಾಬಿ ಎದ್ದು ಬಾಗಿಲಿಗೆ ಬಂದಳು. "ಅಣ್ಣ, ನಿನ್ ಮಗಿಗೆ ಎಷ್ಟ್ ಆಯ್ತ್?"

"ಈಗ ಅಂಬೆಗಾಲ್ ಇಡತ್ತ್."

ಅವಳು ಸ್ವಲ್ಪ ಹೊತ್ತು ಬೋಟುಗಳ ಕಡೆ ನೋಡುತ್ತ ನಿಂತಳು. "ಹಂಗಾರೆ ನಾ ಬತ್ತಿಲ್ಲೆ. ನೀ ಅತ್ತಿಗೆಯನ್ ಕರ್ಕಂಡ್ ಬಾ," ಎಂದಳು. ಅಲ್ಲಿಂದ ನೇರ ಹೋಗಿ ಜೀಪಿನ ಹಿಂದೆ ಹತ್ತಿ ಕೂತಳು. ಚಂದ್ರ ಜೀಪಿನ ಕಂಬಿ ಹಿಡಿದುಕೊಂಡು ನಿಂತ. ಶೇಖರಣ್ಣ ಗಾಡಿ ಚಾಲು ಮಾಡಿದ ಮೇಲೂ ಬಿಡಲಿಲ್ಲ. ಗುಲಾಬಿಯೇ ಅವನ ಕೈಯನ್ನು ಮೆಲ್ಲಗೆ ಬಿಡಿಸಿದಳು.

ಮತ್ತೆ ಘಟ್ಟ ಹತ್ತಿದೆವು. ಗುಲಾಬಿ ಹಿಂದೆ ನಿದ್ದೆ ಹೋಗಿದ್ದಳು. ನಾನು ಅವಳ ಪಕ್ಕದಿಂದ ಎದ್ದು ದಾರಿಯಲ್ಲಿ ಚಾ ಕುಡಿಯಲು ಇಳಿದಾಗ ಶೇಖರಣ್ಣ ದನಿ ತಗ್ಗಿಸಿ ಕೇಳಿದರು.

"ಅಕ್ಕ, ರಾತ್ರಿ ಎಂತ ಮಾಡ್ತಿದ್ರಿ ನೀವ್?"

"ಎಂತ ಮಾಡ್ತಿದ್ದೆ? ಸುಮ್ನೆ ಕೂತಿದ್ದೆ."

"ಇಲ್ಲೆ. ನಂಗೆ ಎಚ್ರ ಆಯ್ತ್. ಕಿಟ್ಕಿಯಂಗೆ ಕಂಡೆ." ಅವರು ಬಲಗೈ ಎತ್ತಿ ಗಾಳಿಯಲ್ಲಿ ಮೆಲ್ಲಗೆ ತಟ್ಟಿ ತೋರಿಸಿದರು, ಮಗುವನ್ನು ಮಲಗಿಸಲು ತಟ್ಟುವ ಹಾಗೆ. "ನೀವ್ ಹೀಂಗ್ ಮಾಡ್ತಿದ್ರಿ. ಬಾಯಂಗೆ ಎಂತದೋ ಹೇಳ್ಕಂಡ್. ಸುಮಾರ್ ಹೊತ್ತ್."

ನನಗೆ ಅದರ ನೆನಪೇ ಇಲ್ಲ. ಇಂದಿಗೂ ಇಲ್ಲ. ಆ ಹೊತ್ತಿಗೆ ನನ್ನ ಬಲಗೈಯಲ್ಲಿ ಮೊಬೈಲಿತ್ತು ಎಂದೇ ನೆನಪು. ಮಗನಿಗೆ ಬರೆದ ಉತ್ತರ ನೋಡಿದೆ. ಅರ್ಧ ಬರೆದು ನಿಂತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಮತ್ತೆ ಒಳಗೆ ಸೇರಿಸಿಕೊಳ್ಳುವ ಮೊದಲು ನನ್ನನ್ನು ಕರೆದು ವಿಚಾರಿಸಿದರು. ಒಳ್ಳೆಯ ಮನುಷ್ಯ. ದಣಿದಿದ್ದರು. "ರಾತ್ರಿ ಏನಾದರೂ ವಿಚಿತ್ರವಾಗಿ ಮಾತಾಡಿದಳಾ? ಇಲ್ಲದ್ದು ಇದ್ದ ಹಾಗೆ?"

"ಇಲ್ಲ ಸರ್," ಎಂದೆ. ಅದು ಸುಳ್ಳೋ ನಿಜವೋ ನನಗೆ ತಿಳಿಯದು. ಇಲ್ಲದ್ದು ಎಂದರೆ ಯಾವುದು ಎಂದು ಆಗ ನನಗೆ ಖಚಿತವಿರಲಿಲ್ಲ. ಹೌದು ಎಂದಿದ್ದರೆ ಅವಳದ್ದೂ ನನ್ನದೂ ಇಬ್ಬರ ಹೆಸರು ಹೇಳಬೇಕಾಗುತ್ತಿತ್ತು.

ಮತ್ತೆ ಬಹಳ ತಿಂಗಳು ಅವಳು ಅಲ್ಲೇ ಇದ್ದಳು. ಕೊನೆಗೆ ಕೋರ್ಟಿನ ಅನುಮತಿಯ ಮೇಲೆ ಬಾರ್ಕೂರು ಕಡೆಯ ಒಂದು ಸಣ್ಣ ಆಶ್ರಯ ಮನೆಯವರು ಅವಳನ್ನು ಇಟ್ಟುಕೊಂಡರು. ಚಂದ್ರ ಆಗಾಗ ಮೀನು ಹಿಡಿದುಕೊಂಡು ಬಂದು ನೋಡಿ ಹೋಗುತ್ತಾನಂತೆ. ಹೆಂಡತಿಗೆ ಹೇಳದೆ.

ಕಳೆದ ತಿಂಗಳು ರಜೆ ಹಾಕಿ ನಾನೂ ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ. ಗುಲಾಬಿ ಅಂಗಳದಲ್ಲಿ ಕೂತು ತೆಂಗಿನ ಗರಿಯ ಕಡ್ಡಿ ಹೆರೆದು ಗುಡಿಸುವ ಹಿಡಿಸೂಡಿ ಕಟ್ಟುತ್ತಿದ್ದಳು. ಮೈ ತುಂಬಿಕೊಂಡಿತ್ತು. ಬೆರಳಿನ ನಡುಕ ಕಡಿಮೆಯಾಗಿತ್ತು. ಊಟ ಆಯ್ತಾ, ಮಗ ಯಾವ ಕ್ಲಾಸು ಎಂದೆಲ್ಲ ಕೇಳಿದಳು. ನಾನು ಹೊರಡಲು ಎದ್ದಾಗ ತಲೆ ಎತ್ತದೆ ಹೇಳಿದಳು.

"ಮೇಡಂ, ನನ್ ಹತ್ರ ಈಗ ಬತ್ತಿಲ್ಲೆ."

ಚಪ್ಪಲಿ ಮೆಟ್ಟುತ್ತಿದ್ದವಳು ತಿರುಗಿದೆ.

"ನಿಮ್ಮಲ್ಲಿಗ್ ಬತ್ತಾ?" ಎಂದಳು. ನೆಂಟರ ಮನೆಗೆ ಹೋದ ಮಗುವಿನ ಬಗ್ಗೆ ವಿಚಾರಿಸುವ ಹಾಗೆ.

"ಇಲ್ಲೆ ಗುಲಾಬಿ."

ಅವಳು ಒಂದು ಕಡ್ಡಿ ಹೆರೆದು ಮುಗಿಸಿದಳು. "ಹಂಗಾರೆ ಎಲ್ ಹೋಯ್ತೇನೋ," ಎಂದು ಇನ್ನೊಂದು ಗರಿ ಎತ್ತಿಕೊಂಡಳು.

ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶಾಲೆ ಬಿಡುವ ಹೊತ್ತು, ಜನ ತುಂಬಿದರು, ನಿಂತುಕೊಂಡೇ ಹೋಗುವಷ್ಟು. ನನ್ನ ಎಡಗಡೆಯ ಸೀಟು ಖಾಲಿಯಿತ್ತು. ಒಬ್ಬಳು ಮುದುಕಿ ಕೂರಲು ಬಂದಳು. ಆ ಜಾಗವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಮುಂದೆ ಸರಿದು ಕಂಬಿ ಹಿಡಿದು ನಿಂತಳು. ಬ್ರಹ್ಮಾವರದವರೆಗೂ ಯಾರೂ ಅಲ್ಲಿ ಕೂರಲಿಲ್ಲ.

ಕೂರಿ ಎಂದು ನಾನೂ ಯಾರಿಗೂ ಹೇಳಲಿಲ್ಲ.